ಎಲೆ ಕಳಿಸಿದ್ದೇನೆ, ಮಾತ್ರೆ ಬಿಡಬೇಡ

ಪ್ರೀತಿಯ ಅಳಿಯನಿಗೆ ಚಿತ್ರದುರ್ಗದಿಂದ ನಿನ್ನ ಸೋದರಮಾವನ ಆಶೀರ್ವಾದ.

ನಿಮ್ಮವ್ವ ಮೊನ್ನೆ ಫೋನ್ ಮಾಡಿ ನಿನಗೆ ಶುಗರ್ ಬಂದಿದೆ ಎಂದು ಅತ್ತಳು. ಮೂರು ತಿಂಗಳ ಸರಾಸರಿ 7.8 ಅಂತೆ. ಮೂವತ್ತಾರಕ್ಕೇ ಬಂತಲ್ಲ ಅಂತ ಸಂಕಟವಾಯಿತು, ಆದರೆ ನಮ್ಮ ಮನೆತನಕ್ಕೆ ಇದೇನು ಹೊಸದಲ್ಲ, ನಿಮ್ಮಜ್ಜನಿಗಿತ್ತು, ನನಗಿದೆ. ನನಗೆ ಹೆದರಿಕೆಯಾಗಿದ್ದು ಆಮೇಲೆ ನಿನ್ನ ವಾಟ್ಸಾಪ್ ಮೆಸೇಜ್ ನೋಡಿ. ಮಾತ್ರೆ ಶುರು ಮಾಡಿದರೆ ಸಾಯುವ ತನಕ ನುಂಗಬೇಕು, ನಿಮ್ಮ ಬೇಲಿಯ ಮಧುನಾಶಿನಿ ಕಳಿಸಿ, ಅದರಲ್ಲೇ ನೋಡಿಕೊಳ್ಳುತ್ತೇನೆ ಅಂತ ಬರೆದಿದ್ದೆಯಲ್ಲ.

ಕಳಿಸಿದ್ದೇನೆ. ಹಸಿ ಎಲೆ, ಐದಾರೇ. ಔಷಧಿಗಲ್ಲ, ಒಂದು ಆಟಕ್ಕೆ. ಒಂದೆಲೆ ಚೆನ್ನಾಗಿ ಅಗಿದು, ರಸವನ್ನು ನಾಲಿಗೆ ತುಂಬಾ ಆಡಿಸಿ ಉಗಿ. ಆಮೇಲೆ ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೋ. ಮರಳು ತಿಂದ ಹಾಗಿರುತ್ತದೆ! ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲ ನಾಲಿಗೆಯಲ್ಲಿ ಸಿಹಿ ಗುರುತಿಸುವ ಜಾಗವನ್ನೇ ಹಿಡಿದು ಕೂರುತ್ತದೆ, ಅರ್ಧ ಗಂಟೆಯಷ್ಟು ಹೊತ್ತು ಬಿಡುವುದಿಲ್ಲ. ಊಟಿಯಲ್ಲಿದ್ದ ಡೇವಿಡ್ ಹೂಪರ್ ಎಂಬ ರಸಾಯನ ತಜ್ಞ 1887ರಲ್ಲೇ ಈ ಎಲೆ ಬಗ್ಗೆ ಬರೆದಿದ್ದ. (ರಿಟೈರ್ ಆದರೂ ಮೇಷ್ಟ್ರ ಬುದ್ಧಿ ಹೋಗಿಲ್ಲ, ಸಹಿಸಿಕೋ.)

ಈಗ ಅದೇ ಬಾಯಿಗೆ ಒಂದು ಹಿಡಿ ಖಾರ ಮಂಡಕ್ಕಿ ಹಾಕು. ಉಪ್ಪು ಉಪ್ಪೇ, ಖಾರ ಖಾರವೇ, ಏನೂ ಬದಲಾಗಿರುವುದಿಲ್ಲ. ಮಂಡಕ್ಕಿ ಅಂದರೆ ಅಕ್ಕಿ ತಾನೇ, ಹೊಟ್ಟೆಗೆ ಹೋದ ಮೇಲೆ ಅದೂ ಸಕ್ಕರೆಯೇ, ಬೆಣ್ಣೆ ದೋಸೆಯೂ ಅಷ್ಟೇ. ನೀನು ಮೊದಲಿಂದಲೂ ಸಿಹಿ ತಿನ್ನುವವನಲ್ಲ, ಹಬ್ಬದಲ್ಲೂ ಅರ್ಧ ಹೋಳಿಗೆ ಎಲೆಯಲ್ಲೇ ಬಿಡುತ್ತಿದ್ದೆ. ದಾವಣಗೆರೆಗೆ ಹೋದ ಮೇಲೆ ಬೆಳಿಗ್ಗೆ ನಾಲ್ಕು ದೋಸೆ, ಸಂಜೆ ಮಂಡಕ್ಕಿ ಮಿರ್ಚಿ ಅಭ್ಯಾಸವಾಯಿತು. ಅದನ್ನು ಈ ಎಲೆ ತಡೆಯುತ್ತದಾ?

ಹಾಗಂತ ಎಲೆ ಸುಳ್ಳು ಅಂತಲ್ಲ. ಆಯುರ್ವೇದದಲ್ಲಿ ಇದಕ್ಕೆ ಮೇಷಶೃಂಗಿ ಅಂತಾರೆ, ಕಾಯಿ ಟಗರಿನ ಕೊಂಬಿನ ಹಾಗಿರುವುದಕ್ಕೆ. 1990ರಲ್ಲಿ ಮದ್ರಾಸಿನ ಒಂದು ಅಧ್ಯಯನ ಪ್ರಕಟವಾಯಿತು. ಶುಗರ್ ಇದ್ದ 22 ಜನರಿಗೆ ದಿನಕ್ಕೆ 400 ಮಿಲಿಗ್ರಾಂ ಎಲೆಯ ಸಾರವನ್ನು 18ರಿಂದ 20 ತಿಂಗಳು ಕೊಟ್ಟರು. ಶುಗರ್ ಇಳಿಯಿತು, 5 ಜನ ಮಾತ್ರೆ ನಿಲ್ಲಿಸುವ ಮಟ್ಟಕ್ಕೂ ಬಂದರು. ನಿನಗೆ ಯಾರೋ ಹೇಳಿರುವುದು ಆ ಐದು ಜನರ ಕಥೆ ಇರಬೇಕು. ಆದರೆ ಅವರಿಗೆ ಅದನ್ನು ಕೊಟ್ಟಿದ್ದು ಮಾತ್ರೆಯ ಜೊತೆಗೆ, ಟೆಸ್ಟ್ ಮಾಡಿಸುತ್ತಾ. ಮೊದಲ ದಿನವೇ ಮಾತ್ರೆ ಬಿಟ್ಟು ಕೂತವರಲ್ಲ. ಉಳಿದ 17 ಜನರನ್ನೂ ಲೆಕ್ಕಕ್ಕೆ ಹಿಡಿ.

ಜೊತೆಗೆ ತಗೊಂಡರೂ ಹುಷಾರಾಗಿರಬೇಕು, ಅದು ನನಗೆ ಅನುಭವವಾಗಿದೆ. ನಾಲ್ಕು ವರ್ಷದ ಹಿಂದೆ ಸಂತೆಯಲ್ಲಿ ಯಾರೋ ಮಾರುತ್ತಿದ್ದ ಇದೇ ಎಲೆಯ ಪುಡಿ ತಂದು, ಡಾಕ್ಟರಿಗೆ ಹೇಳದೆ, ಬೆಳಿಗ್ಗೆ ಶುಗರ್ ಇಳಿಸುವ ಗ್ಲಿಮಿಪಿರೈಡ್ ಮಾತ್ರೆ ನುಂಗಿ, ಮೇಲೆ ಎರಡು ಚಮಚ ಆ ಪುಡಿ ಚಪ್ಪರಿಸಿ, ತಿಂಡಿ ದಾವಣಗೆರೆಯಲ್ಲೇ ಮಾಡಿದರಾಯಿತು ಅಂತ ಬಸ್ ಹತ್ತಿದೆ. ಭರಮಸಾಗರ ಬರುವಷ್ಟರಲ್ಲಿ ಮೈಯೆಲ್ಲಾ ತಣ್ಣನೆ ಬೆವರು, ಕೈ ನಡುಕ, ಕಣ್ಣು ಕತ್ತಲೆ. ಪಕ್ಕದಲ್ಲಿದ್ದ ಹೆಣ್ಣುಮಗಳು ಬ್ಯಾಗಿಂದ ಎರಡು ಪೇಡಾ ತೆಗೆದು ಬಾಯಿಗಿಟ್ಟಳು. ಸಿಹಿಯೇ ಗೊತ್ತಾಗಲಿಲ್ಲ ಕಣಪ್ಪ, ಹಿಟ್ಟು ಮೆತ್ತಿದ ಹಾಗಿತ್ತು! ಹೇಗೋ ನುಂಗಿದೆ, ಸ್ವಲ್ಪ ಹೊತ್ತಿಗೆ ಜೀವ ಬಂತು. ಆ ಮಾತ್ರೆ ತಗೊಂಡು ಖಾಲಿ ಹೊಟ್ಟೆಯಲ್ಲಿದ್ದರೆ ಅಷ್ಟೇ ಸಾಕು ಶುಗರ್ ಬೀಳೋಕೆ, ಅದರ ಮೇಲೆ ಪುಡಿ ಬೇರೆ ಅಂತ ಡಾಕ್ಟರು ಬೈದರು.

ಅದಕ್ಕೇ ಹೇಳುತ್ತಿದ್ದೇನೆ, ಡಾಕ್ಟರು ಬರೆದ ಮಾತ್ರೆ ಇವತ್ತೇ ಶುರು ಮಾಡು. ಮಧುನಾಶಿನಿ ಬೇಕೇ ಬೇಕು ಅನಿಸಿದರೆ ಓದಿದ ಆಯುರ್ವೇದ ವೈದ್ಯರನ್ನು ಕೇಳು, ಅವರಿಗೆ ಮಾತ್ರೆ ವಿಷಯ, ಮಾತ್ರೆ ಬರೆದ ಡಾಕ್ಟರಿಗೆ ಎಲೆ ವಿಷಯ, ಎರಡೂ ಕಡೆ ಬಾಯಿಬಿಟ್ಟು ಹೇಳು. ಜೋಗಿಮಟ್ಟಿಯಲ್ಲಿ ಸಿಗುತ್ತದೆ ಅಂತ ಗೆಳೆಯರನ್ನು ಕಟ್ಟಿಕೊಂಡು ಕೀಳೋಕೆ ಬರಬೇಡ, ಅದು ಅಭಯಾರಣ್ಯ.

ಬರುವ ಭಾನುವಾರ ನಾನೇ ಬರುತ್ತೇನೆ, ಶುಗರ್ ನೋಡುವ ಮಿಷನ್ನೂ ತರುತ್ತೇನೆ. ದೋಸೆ ತಿನ್ನುವ ಮುಂಚೆ ಒಂದು ಸಲ, ಎರಡು ಗಂಟೆ ಬಿಟ್ಟು ಒಂದು ಸಲ ನೋಡೋಣ. ಬಸ್ಸಿನ ಕಥೆ ಮಾತ್ರ ನಿಮ್ಮವ್ವನಿಗೆ ಹೇಳಬೇಡ, ಅವಳಿಗಿನ್ನೂ ಗೊತ್ತಿಲ್ಲ.

ನಿನ್ನ ಮಾವ