ಓರಿಯನ್ ನೀಹಾರಿಕೆಯ ಚಿತ್ರಕ್ಕೆ ನೆರವಾದ ಅಪರಿಚಿತರಿಗೆ

ಸುಮಾರು 1,300 ಜ್ಯೋತಿರ್ವರ್ಷ ದೂರದ ಓರಿಯನ್ ನೀಹಾರಿಕೆ ಎಂಬ ಅನಿಲ-ಧೂಳಿನ ಮೋಡವನ್ನು ಹಿತ್ತಲಿನ ದೂರದರ್ಶಕದಿಂದ ಸೆರೆಹಿಡಿಯಲು ಹಲವು ರಾತ್ರಿ ಹೆಣಗಿ, ಪ್ರತಿಸಲವೂ ಗೆರೆಯಂತೆ ಎಳೆದುಕೊಂಡ ನಕ್ಷತ್ರಗಳನ್ನೇ ಪಡೆಯುತ್ತಿದ್ದ ನನಗೆ, ಹೆಸರನ್ನೂ ಹೇಳದೆ ನೆರವಾದ ತಮಗೆ ಹೃತ್ಪೂರ್ವಕ ಧನ್ಯವಾದಗಳು. ಚಿತ್ರವನ್ನು ನೋಡಿದೊಡನೆಯೇ, ದೋಷ ಕ್ಯಾಮೆರಾದ್ದಲ್ಲ, ದೂರದರ್ಶಕವನ್ನು ತಿರುಗಿಸುವ ಪೀಠದ ಅಕ್ಷವು, ನಕ್ಷತ್ರಗಳೆಲ್ಲ ಸುತ್ತುವಂತೆ ಕಾಣುವ ಆಕಾಶದ ಧ್ರುವಬಿಂದುವಿಗೆ ಸರಿಯಾಗಿ ನೆಟ್ಟಿಲ್ಲ ಎಂದು ತಾವು ತಿಳಿಸಿದಿರಿ. (ನಾನಾಗಲೇ ಹೊಸ ಕ್ಯಾಮೆರಾ ಕೊಳ್ಳುವ ಯೋಚನೆಯಲ್ಲಿದ್ದೆ.) 30 ಸೆಕೆಂಡಿನ ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸುವುದರ ಜೊತೆಗೆ, ಬೆಳಕು ಮಿತಿಮೀರಿ ಬರೀ ಬಿಳಿಯಾಗಿಬಿಡುತ್ತಿದ್ದ ನಡುಭಾಗಕ್ಕಾಗಿ 2 ಸೆಕೆಂಡಿನ ಚಿತ್ರಗಳನ್ನೂ ತೆಗೆಯಬೇಕೆಂಬ ತಮ್ಮ ಸೂಚನೆ ಫಲಿಸಿತು. ನಿನ್ನೆಯ ಚಿತ್ರದಲ್ಲಿ ನೀಹಾರಿಕೆಯ ನಡುವಿನ ಟ್ರೆಪೀಜಿಯಂ ಎಂಬ ನಕ್ಷತ್ರಗುಚ್ಛದ ನಾಲ್ಕು ನಕ್ಷತ್ರಗಳೂ ಬಿಡಿಬಿಡಿಯಾಗಿ, ದುಂಡಗೆ ಮೂಡಿವೆ. ಸುತ್ತಲೂ ಜಲಜನಕದ ನಸುಗೆಂಪು ಹೊಗೆಯಂತೆ ಹರಡಿದೆ.