ಅಪ್ಪನಿಗೆ ಕೊಟ್ಟ ಹಳದಿ ಇಂಜೆಕ್ಷನ್

ಇಥಾಕಾ, ನ್ಯೂಯಾರ್ಕ್ ರಾಜ್ಯ

ಅಪ್ಪನಿಗೆ ನಮಸ್ಕಾರಗಳು,

ನಾನು ಇಲ್ಲಿ ಚೆನ್ನಾಗಿದ್ದೇನೆ. ಮೊನ್ನೆ ಫೋನಿನಲ್ಲಿ ಅಮ್ಮ ಗಾಬರಿಯಾಗಿ ಹೇಳಿದಳು. ಕಣ್ಣಿನ ಪರೀಕ್ಷೆಗೆ ಹೋದಾಗ ನಿಮ್ಮ ಕೈಗೆ ಏನೋ ಬಣ್ಣದ ಇಂಜೆಕ್ಷನ್ ಕೊಟ್ಟರಂತೆ, ಮೈಯೆಲ್ಲ ಹಳದಿಯಾಯಿತಂತೆ, ಮೂತ್ರ ಅರಿಶಿನದ ನೀರಿನ ಹಾಗೆ ಹೋಯಿತಂತೆ, ಕಾಮಾಲೆ ಬಂತೇನೋ ಅಂತ ನೀವು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲವಂತೆ. ಅಷ್ಟರಲ್ಲಿ ಫೋನ್ ಕಟ್ಟಾಯಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಹೆದರಬೇಡಿ. ಅದರ ಹೆಸರು ಫ್ಲೋರೆಸೀನ್. 1871ರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ಮೊದಲು ಮಾಡಿದ ಬಣ್ಣ. ಕೈಗೆ ಕೊಟ್ಟ ಹತ್ತು ಹದಿನೈದು ಸೆಕೆಂಡಿನಲ್ಲಿ ರಕ್ತದ ಜೊತೆ ಕಣ್ಣಿಗೆ ಬರುತ್ತದೆ. ನೀಲಿ ಬೆಳಕು ಬಿಟ್ಟರೆ ಹಸಿರಾಗಿ ಹೊಳೆಯುತ್ತದೆ. ಸಕ್ಕರೆ ಕಾಯಿಲೆಯಿಂದ ಎಲ್ಲಾದರೂ ಸಣ್ಣ ರಕ್ತನಾಳ ಸೋರುತ್ತಿದ್ದರೆ ಅಲ್ಲಿ ಬಣ್ಣ ಹರಡಿಕೊಂಡು ಫೋಟೋದಲ್ಲಿ ಕಾಣುತ್ತದೆ. ಆಮೇಲೆ ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ, ಒಂದೆರಡು ದಿನ ಆ ಹಳದಿ ಇದ್ದೇ ಇರುತ್ತದೆ. ಅವರು ಮೊದಲೇ ಒಂದು ಮಾತು ಹೇಳಬೇಕಿತ್ತು, ಅಲ್ವಾ? ನನಗೆ ಅದೇ ಬೇಜಾರು.

ನಾನು ಇಲ್ಲಿ ದಿನಾ ಮಾಡುವುದೂ ಇದೇ ಜಾತಿಯ ಕೆಲಸ, ಬಣ್ಣ ಕೊಟ್ಟು ಇಲಿಯ ಮಿದುಳಿನೊಳಗೆ ನೋಡುವುದು. ಮೈಕ್ರೋಸ್ಕೋಪಿನಲ್ಲಿ ಅದೇನು ನೋಡ್ತೀಯಮ್ಮ ಅಂತ ನೀವು ಕೇಳಿದಾಗಲೆಲ್ಲ ನನಗೆ ಸರಿಯಾಗಿ ಹೇಳಲು ಬಂದಿರಲಿಲ್ಲ. ಈಗ ಹೇಳುತ್ತೇನೆ.

ಕಣ್ಣು ಸುಲಭ. ಮುಂದುಗಡೆ ಗಾಜಿನ ಹಾಗೆ ತಿಳಿಯಾಗಿದೆ, ಒಳಗಿನದು ಕಾಣುತ್ತದೆ. ಮಿದುಳು ಹಾಗಲ್ಲ. ರಾತ್ರಿ ಕರೆಂಟು ಹೋದಾಗ ಮೊಬೈಲ್ ಟಾರ್ಚಿನ ಮೇಲೆ ಬೆರಳು ಇಟ್ಟು ನೋಡಿ. ಕೆಂಪು ಮಾತ್ರ ಆಚೆ ಬರುತ್ತದೆ. ನೀಲಿ, ಹಸಿರನ್ನೆಲ್ಲ ರಕ್ತ ಹೀರಿಕೊಂಡುಬಿಡುತ್ತದೆ. ಆ ಕೆಂಪಿನಲ್ಲೂ ಮೂಳೆ ಕಾಣುವುದಿಲ್ಲ, ಯಾಕೆಂದರೆ ಹಾಲಿನಲ್ಲಿ ಹಾದುಹೋದ ಹಾಗೆ ಬೆಳಕು ಮಾಂಸದೊಳಗೆ ದಿಕ್ಕಾಪಾಲಾಗುತ್ತದೆ. ಕೆಂಪಿಗಿಂತ ಆಚೆಯ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಕಮ್ಮಿ ಚೆದುರುತ್ತದೆ, ಜಾಸ್ತಿ ಆಳಕ್ಕೆ ಇಳಿಯುತ್ತದೆ. ಆದರೆ ಬೆಳಕು ಬರುವುದು ಕಣಕಣವಾಗಿ, ಇನ್‌ಫ್ರಾರೆಡ್‌ನ ಒಂದು ಕಣಕ್ಕೆ ನಮ್ಮ ಬಣ್ಣವನ್ನು ಹೊಳೆಸುವಷ್ಟು ಶಕ್ತಿ ಇಲ್ಲ.

ಮಂಡಿಯಲ್ಲಿ ಕೊಬ್ಬರಿ ಮೂಟೆಯನ್ನು ಲಾರಿಗೆ ಹಾಕುವುದು ನೆನಪು ಮಾಡಿಕೊಳ್ಳಿ. ಇಬ್ಬರೂ ಒಂದೇ ಸಲ ಕೈ ಹಾಕಿದರೆ ಮೂಟೆ ಏಳುತ್ತದೆ. ಒಬ್ಬ ಈಗ ಎತ್ತಿ, ಇನ್ನೊಬ್ಬ ಆಮೇಲೆ ಬಂದು ಎತ್ತಿದರೆ ಅದು ಕದಲುವುದೇ ಇಲ್ಲ. ಬೆಳಕಿನ ಎರಡು ಕಣ ಒಂದೇ ಕ್ಷಣದಲ್ಲಿ ಬಂದರೆ ಬಣ್ಣದ ಅಣುವನ್ನು ಹೀಗೇ ಎತ್ತಬಹುದು ಅಂತ 1931ರಲ್ಲೇ ಮರಿಯಾ ಗೋಪರ್ಟ್ ಮೇಯರ್ ಎಂಬ ಭೌತವಿಜ್ಞಾನಿ ಲೆಕ್ಕ ಹಾಕಿ ಬರೆದಿದ್ದರು. ಅದನ್ನು ಮೈಕ್ರೋಸ್ಕೋಪಿಗೆ ತಂದದ್ದು 1990ರಲ್ಲಿ, ಇದೇ ಊರಿನ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ, ಡೆಂಕ್, ಸ್ಟ್ರಿಕ್ಲರ್ ಮತ್ತು ವೆಬ್ ಎಂಬ ಮೂವರು. ನಮ್ಮ ಲೇಸರ್ ಒಂದು ಸೆಕೆಂಡಿಗೆ ಸುಮಾರು 8 ಕೋಟಿ ಸಲ ಮಿಣುಕುತ್ತದೆ. ಲೆನ್ಸು ಬೆಳಕನ್ನು ಒಟ್ಟುಗೂಡಿಸುವ ಆ ಒಂದು ಚುಕ್ಕಿಯಲ್ಲಿ ಮಾತ್ರ ಕಣಗಳು ಜೋಡಿಯಾಗಿ ಸಿಗುವಷ್ಟು ದಟ್ಟಣೆ ಇರುತ್ತದೆ. ಅದರ ಮೇಲೆ ಕೆಳಗೆ ಎಲ್ಲ ಕತ್ತಲು. ಹಾಗಾಗಿ ವಾಪಸ್ ಬರುವ ಬೆಳಕು ಎಷ್ಟೇ ಚೆದುರಿದರೂ ಪರವಾಗಿಲ್ಲ, ಬಂದದ್ದೆಲ್ಲ ಆ ಚುಕ್ಕಿಯದೇ ಅಂತ ನಮಗೆ ಗೊತ್ತು. ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ.

ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಮಿಲಿಮೀಟರಿನ ಹತ್ತನೇ ಒಂದು ಪಾಲು ಇಳಿಯುವಷ್ಟರಲ್ಲಿ ಎಲ್ಲ ಮಸುಕು. ಇದರಲ್ಲಿ ಸುಮಾರು ಒಂದು ಮಿಲಿಮೀಟರ್ ತನಕ ಹೋಗಬಹುದು. ರಾಗಿ ಕಾಳಿನಷ್ಟು ಆಳ, ಆದರೆ ಇಲಿಯ ಮಿದುಳಿಗೆ ಅದು ತುಂಬಾ ದೊಡ್ಡ ದೂರ. 2013ರಲ್ಲಿ ಇಲ್ಲಿಯವರೇ ಮೂರು ಕಣಗಳನ್ನು ಒಟ್ಟಿಗೆ ಬಳಸಿ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗದ ತನಕ ಇಳಿದರು.

ಇಲಿಯ ರಕ್ತಕ್ಕೆ ನಾವು ಬಣ್ಣ ಕೊಡುತ್ತೇವೆ. ನಾಳದಿಂದ ಸೋರಬಾರದು ಅಂತ ಅದನ್ನು ಸಕ್ಕರೆಯ ಉದ್ದ ಸರಪಳಿಗೆ ಕಟ್ಟಿರುತ್ತಾರೆ. ಪರದೆಯ ಮೇಲೆ ನಾಳಗಳು ಬೆಳಗುತ್ತವೆ. ಕೆಂಪು ರಕ್ತಕಣದ ಒಳಗೆ ಬಣ್ಣ ಹೋಗುವುದಿಲ್ಲ, ಹಾಗಾಗಿ ಅವು ಕಪ್ಪು ನೆರಳುಗಳಾಗಿ, ಒಂದರ ಹಿಂದೆ ಒಂದು, ಸಾಲಾಗಿ ಓಡುತ್ತವೆ. ಆ ನೆರಳು ನೋಡಿಯೇ ರಕ್ತದ ವೇಗ ಅಳೆಯುವುದು. ಬಣ್ಣ ಬಲು ನಾಜೂಕು. ಬಿಸಿಲಿಗೆ ಒಣಹಾಕಿದ ಸೀರೆಯ ಹಾಗೆ ಬೆಳಕಿಗೆ ಮಾಸುತ್ತದೆ. ಹೋದ ವಾರ ಒಂದು ಟ್ಯೂಬಿಗೆ ಫಾಯಿಲ್ ಸುತ್ತುವುದನ್ನು ಮರೆತೆ, ಒಂದು ದಿನದ ಕೆಲಸ ಹೋಯಿತು.

ಅಜ್ಜಿ ಕೊನೆಯ ಎರಡು ವರ್ಷ ನನ್ನನ್ನು ಅತ್ತೆಯ ಹೆಸರಿನಿಂದ ಕರೆಯುತ್ತಿದ್ದರಲ್ಲ, ಆ ಕಾಯಿಲೆಯ ಬಗ್ಗೆಯೂ ಇದರಿಂದ ಒಂದು ವಿಷಯ ಸಿಕ್ಕಿದೆ. ಆಲ್ಝೈಮರ್ ಇರುವ ಇಲಿಗಳ ಮಿದುಳಿನಲ್ಲಿ ನೂರಕ್ಕೆ ಸುಮಾರು ಎರಡು ಕಿರುನಾಳ ಕಟ್ಟಿಕೊಂಡಿರುತ್ತವೆ, ಬಿಳಿ ರಕ್ತಕಣ ಅಂಟಿಕೊಂಡು. ಆ ಅಂಟು ಬಿಡಿಸಿದರೆ ರಕ್ತದ ಓಟ ಹೆಚ್ಚಿತು, ಇಲಿಗಳ ನೆನಪೂ ಸುಧಾರಿಸಿತು. 2019ರಲ್ಲಿ ಇಲ್ಲಿಂದಲೇ ಅದು ಪ್ರಕಟವಾಯಿತು. ಇದು ಇಲಿಗಳ ಮಾತು, ಮನುಷ್ಯರದ್ದಲ್ಲ. ಆದರೂ ಆ ಕಪ್ಪು ನೆರಳು ಎಲ್ಲಾದರೂ ನಿಂತುಬಿಟ್ಟಿದ್ದು ಕಂಡಾಗ ನನಗೆ ಅಜ್ಜಿಯ ಮುಖವೇ ಕಣ್ಣ ಮುಂದೆ ಬರುತ್ತದೆ.

ಇನ್ನೊಂದು. ಮುಂದಿನ ಸಲ ಹಸಿರು ಬಣ್ಣ ಕೊಡುತ್ತೇವೆ ಅಂದರೂ ಹೆದರಬೇಡಿ. ಅದು ಇಂಡೋಸಯನೀನ್ ಗ್ರೀನ್, ಕಣ್ಣಿನ ಇನ್ನೂ ಹಿಂದಿನ ಪದರ ನೋಡಲು. ಅದನ್ನು ಲಿವರ್ ತೆಗೆಯುತ್ತದೆ, ಮೂತ್ರ ಬಣ್ಣ ಬರುವುದಿಲ್ಲ. ಅದರಲ್ಲಿ ಅಯೋಡಿನ್ ಇರುತ್ತದೆ, ಅಲರ್ಜಿ ಇದೆಯಾ ಅಂತ ಕೇಳಿದರೆ ನೆನಪು ಮಾಡಿಕೊಂಡು ಸರಿಯಾಗಿ ಹೇಳಿ.

ರಿಪೋರ್ಟಿನ ಜೊತೆ ಕಪ್ಪು ಬಿಳುಪಿನ ಫೋಟೋಗಳು ಕೊಟ್ಟಿರುತ್ತಾರೆ. ಎಲ್ಲವನ್ನೂ ಬೆಳಕಿನಲ್ಲಿ ಇಟ್ಟು ತಮ್ಮನ ಕೈಲಿ ವಾಟ್ಸಾಪ್ ಮಾಡಿಸಿ. ನಾನು ನೋಡಬೇಕು.

ನಿಮ್ಮ ಮಗಳು,
ಪುಟ್ಟಿ