ಗಾರ್ಮೆಂಟ್ಸ್ ಟೈಲರ್‌ಗಳಿಗೆ ಒರಗುವ ಕುರ್ಚಿ ಕೊಡಿ

ಮಾನ್ಯರೇ,

ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಶರ್ಟಿಗೆ ಕಾಲರ್ ಕೂರಿಸುವುದು ನನ್ನ ಕೆಲಸ. ನಮ್ಮ ಲೈನಿನಲ್ಲಿ ಕತ್ತು, ಭುಜ, ಸೊಂಟ ನೋವಿಲ್ಲ ಎನ್ನುವವರನ್ನು ಹುಡುಕಬೇಕು. ಊಟದ ಡಬ್ಬಿ ಜೊತೆ ನೋವಿನ ಮಾತ್ರೆಯೂ ಬ್ಯಾಗಿನಲ್ಲಿ ಇರುತ್ತದೆ. ಹೇಳಿಕೊಂಡರೆ ‘ವಯಸ್ಸಾಯ್ತಲ್ಲಮ್ಮ’ ಅನ್ನುತ್ತಾರೆ. ದಿನವಿಡೀ ದಾರ ಕತ್ತರಿಸುವ ಹೆಲ್ಪರ್ ಹುಡುಗಿಯರಿಗೆ ಈಗಲೇ ಹೆಬ್ಬೆರಳು ಮಡಚಲು ಆಗುತ್ತಿಲ್ಲ. ಅವರಿಗೂ ವಯಸ್ಸಾಯ್ತಾ?

ನಮಗೆ ಸಿಗುವುದು ಒರಗಲು ಏನೂ ಇಲ್ಲದ ಸ್ಟೂಲು. ಎಲ್ಲರಿಗೂ ಒಂದೇ ಎತ್ತರ. ಕುಳ್ಳಗಿರುವವರು ಭುಜ ಎತ್ತಿಕೊಂಡು ಹೊಲಿಯುತ್ತಾರೆ, ಎತ್ತರ ಇರುವವರು ಬಗ್ಗಿ ಹೊಲಿಯುತ್ತಾರೆ. ಪೆಡಲ್ ದೂರ ಇದ್ದರೆ ಸ್ಟೂಲಿನ ತುದಿಗೆ ಜರುಗಬೇಕು. ಸೂಜಿ ಹತ್ತಿರ ಬೆಳಕು ಸಾಲದಿದ್ದರೆ ಕತ್ತು ಇನ್ನೂ ಬಗ್ಗುತ್ತದೆ. ಹೊಲಿಯಬೇಕಾದ ಪೀಸುಗಳ ಬಂಡಲ್ ಕೆಳಗಿದ್ದರೆ ಪ್ರತಿ ಪೀಸಿಗೂ ಸೊಂಟ ತಿರುಗಿಸಬೇಕು. ಗಂಟೆಯ ಟಾರ್ಗೆಟ್ ತಪ್ಪುತ್ತದೆ ಎಂದು ನೀರಿಗೂ ಏಳುವುದಿಲ್ಲ.

ಐರನ್, ಚೆಕಿಂಗ್‌ನವರು ಗಟ್ಟಿ ನೆಲದ ಮೇಲೆ ನಿಂತೇ ಇರುತ್ತಾರೆ. ನಿಂತು ದುಡಿಯುವವರಿಗೆ ಬಿಡುವು ಸಿಕ್ಕಾಗ ಕೂರಲು ಅನುಕೂಲ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮಿನಲ್ಲೇ ಇತ್ತು. ಬಿಡುವೇ ಸಿಗದಂತೆ ಟಾರ್ಗೆಟ್ ಇಟ್ಟರೆ ಯಾವಾಗ ಕೂರುವುದು?

ಇದನ್ನು ಸರಿ ಮಾಡಲು ಕೋಟಿಗಟ್ಟಲೆ ಬೇಡ. ಎತ್ತರ ಹೊಂದಿಸಬಹುದಾದ, ಬೆನ್ನು ಒರಗಿಸುವ ಕುರ್ಚಿ ಕೊಡಿ. ಪೆಡಲ್ ಸರಿಸಲು, ಟೇಬಲ್ ಏರಿಸಿ ಇಳಿಸಲು ಮೆಕ್ಯಾನಿಕ್‌ಗೆ ಸ್ಪ್ಯಾನರ್ ಸಾಕು. ಆದರೆ ಮೆಷಿನ್ ಕೆಟ್ಟಾಗ ಓಡಿ ಬರುವವರು ಟೈಲರ್ ಬದಲಾದಾಗ ಬರುವುದಿಲ್ಲ. ಬಂಡಲ್ ಇಡಲು ಮೊಣಕೈ ಮಟ್ಟದ ಸ್ಟ್ಯಾಂಡ್, ನಿಲ್ಲುವವರ ಕಾಲಡಿಗೆ ಮೆತ್ತನೆಯ ಮ್ಯಾಟ್ ಹಾಕಿ. ಬೆಳಗ್ಗೆ ಕಾಲರ್ ಕೂರಿಸಿದವರಿಗೆ ಮಧ್ಯಾಹ್ನ ಬೇರೆ ಆಪರೇಷನ್, ಅಂದರೆ ಹೊಲಿಗೆಯ ಬೇರೆ ಹಂತದ ಕೆಲಸ ಕೊಟ್ಟರೆ ಅದೇ ಕೈ, ಅದೇ ಭುಜಕ್ಕೆ ಬೀಳುವ ಭಾರ ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಮೊದಲು, ಗಂಟೆಗೊಮ್ಮೆ ಎರಡು ನಿಮಿಷ ಎದ್ದು ನಿಲ್ಲಲು ಬಿಡಿ, ಆ ಹೊತ್ತನ್ನು ಟಾರ್ಗೆಟ್‌ನಿಂದ ಕಳೆಯಿರಿ. ಇಲ್ಲದಿದ್ದರೆ ಯಾರೂ ಏಳುವುದಿಲ್ಲ.

ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವೈದ್ಯರಲ್ಲಿ ಒಂದು ಮನವಿ. ನಮ್ಮ ಸಂಬಳದ ಶೇ 0.75, ಮಾಲೀಕರ ಕಡೆಯಿಂದ ಶೇ 3.25 ಇಎಸ್‌ಐಗೆ ಸೇರುತ್ತದೆ. ಕತ್ತು ನೋವೆಂದು ಬಂದವರ ಚೀಟಿಯಲ್ಲಿ ಅವರು ಯಾವ ಮೆಷಿನ್ ಮೇಲೆ, ಯಾವ ಆಪರೇಷನ್ ಮಾಡುತ್ತಾರೆ ಎಂದೂ ಬರೆಯಿರಿ. ಹೆಸರು ಬಿಟ್ಟು ಆ ಲೆಕ್ಕವನ್ನು ಪ್ರತಿ ತಿಂಗಳು ಕಾರ್ಖಾನೆಗಳ ಇಲಾಖೆಗೆ ಕಳಿಸಿದರೆ, ತಪಾಸಣೆಗೆ ಬರುವ ಅಧಿಕಾರಿಗಳಿಗೆ ಯಾವ ಕೆಲಸದವರ ಕುರ್ಚಿ, ಟೇಬಲ್ ಮೊದಲು ನೋಡಬೇಕು ಎಂಬುದು ಗೊತ್ತಾಗುತ್ತದೆ.

– ಗಾರ್ಮೆಂಟ್ಸ್ ಕೆಲಸಗಾರ್ತಿ, ಹೆಗ್ಗನಹಳ್ಳಿ, ಬೆಂಗಳೂರು